ಭಾಗ್ಯ ಗೆದ್ದ ಚರ್ಚೆ

ಹೊಸದಾಗಿ ಸೇರುವ ಅತಿಥಿ ಶಿಕ್ಷಕರಿಗೆ ತಾಲ್ಲೂಕಿನಲ್ಲಿ ನಡೆಯುವ ತರಬೇತಿಯಲ್ಲಿ ಈಗಲೂ ನನ್ನ ಕಥೆ ಹೇಳುತ್ತಾರಂತೆ. ಹೆಸರು ಹೇಳುವುದಿಲ್ಲ, ‘ನಮ್ಮ ದೊಡ್ಡಬಳ್ಳಾಪುರದವರೇ ಒಬ್ಬ ಟೀಚರ್’ ಅನ್ನುತ್ತಾರೆ. ಕಥೆ ಇಷ್ಟು: ಬಾಯಿ ಬಿಡದ ಮಕ್ಕಳಿದ್ದ ಒಂದು ತರಗತಿ. ಟೀಚರು ಚೀಟಿ ಎತ್ತಿಸಿ ಚರ್ಚೆ ಮಾಡಿಸೋಕೆ ಶುರು ಮಾಡಿದರು. ಮೂರು ವರ್ಷ ತುಟಿ ಪಿಟಕ್ಕೆನ್ನದೆ ಕೂತಿದ್ದ ಹುಡುಗಿ ಪೋಷಕರ ಸಭೆಯಲ್ಲಿ ಎದ್ದು ನಿಂತು ಐದು ನಿಮಿಷ ಮಾತಾಡಿದಳು. ಸಭೆ ಸ್ತಬ್ಧವಾಯಿತು. ಅವಳ ಅಪ್ಪ ಕಣ್ಣೊರೆಸಿಕೊಂಡರು. ಇಲ್ಲಿಗೆ ನಿಲ್ಲಿಸಿ, ತರಬೇತಿ ಕೊಡುವವರು ಎಲ್ಲರಿಂದ ಒಂದು ಚಪ್ಪಾಳೆ ಹಾಕಿಸುತ್ತಾರೆ.

ಇದರಲ್ಲಿ ಒಂದು ಸುಳ್ಳೂ ಇಲ್ಲ. ಹುಡುಗಿ ಮಾತಾಡಿದ್ದು ನಿಜ, ಅಪ್ಪ ಅತ್ತಿದ್ದೂ ನಿಜ. ನನ್ನ ತಕರಾರು ಇರುವುದು ಕಥೆ ನಿಲ್ಲುವ ಜಾಗದ ಬಗ್ಗೆ. ಕಥೆಯನ್ನು ಎಲ್ಲಿ ನಿಲ್ಲಿಸುತ್ತೀರಿ ಅನ್ನುವುದೂ ಒಂದು ವಾದವೇ. ಚಪ್ಪಾಳೆ ಹೊಡೆದು ಮನೆಗೆ ಹೋದವರು ಯಾರೂ ಆ ಹುಡುಗಿ ಆಮೇಲೆ ಏನಾದಳು ಅಂತ ಕೇಳಿಲ್ಲ. ಕೇಳದಿದ್ದವರಲ್ಲಿ ನಾಲ್ಕು ತಿಂಗಳ ಮಟ್ಟಿಗೆ ನಾನೂ ಒಬ್ಬಳು.

ಏಳು ವರ್ಷ ಕೆಲಸ ಮಾಡಿ ಮೂವತ್ತೆರಡಕ್ಕೆ ಬಿಟ್ಟವಳು ನಾನು. ಇದಕ್ಕೆ ನಿವೃತ್ತಿ ಅನ್ನೋಕಾಗಲ್ಲ. ಅತಿಥಿ ಶಿಕ್ಷಕರಿಗೆ ಬಡ್ತಿ ಇಲ್ಲ, ವರ್ಗಾವಣೆ ಇಲ್ಲ, ಬೀಳ್ಕೊಡುಗೆಯೂ ಇಲ್ಲ. ಜೂನ್‌ನಲ್ಲಿ ಕರೀತಾರೆ, ಏಪ್ರಿಲ್‌ಗೆ ಮುಗಿಯುತ್ತೆ. ಆದರೂ ಈ ಕೆಲಸಕ್ಕೆ ಈಗ ಬರುತ್ತಿರುವವರಿಗೆ ಒಂದೆರಡು ಮಾತು ಬರೆದಿಡಬೇಕು ಅನ್ನಿಸಿದೆ. ಬುದ್ಧಿವಾದ ಅಂದುಕೊಳ್ಳಬೇಡಿ. ವಿರುದ್ಧ ಪಕ್ಷದ ಸಾಕ್ಷ್ಯ ಅಂದುಕೊಳ್ಳಿ.

ಊರಂಚಿನ ಸರ್ಕಾರಿ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ನನ್ನ ವಿಷಯ. ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಮಗ್ಗದ ಮನೆಗಳವರು. ಮೊದಲ ವರ್ಷ ನನ್ನನ್ನು ಕಾಡಿದ್ದು ಗಲಾಟೆ ಅಲ್ಲ, ಒಪ್ಪಿಗೆ. ‘ಅರ್ಥ ಆಯ್ತಾ?’ ಅಂದರೆ ಇಡೀ ಕ್ಲಾಸು ರಾಗವಾಗಿ ‘ಆಯ್ತು ಮಿಸ್’ ಅನ್ನುತ್ತಿತ್ತು. ನಾನು ಕೇಳುವ ಮೊದಲೇ ಕೆಲವು ಸಲ. ಒಂದು ದಿನ ಪರೀಕ್ಷೆ ಮಾಡೋಣ ಅಂತ, ಕಾವೇರಿ ಹುಟ್ಟೋದು ನಂದಿ ಬೆಟ್ಟದಲ್ಲಿ ಅಂದೆ. ಅರ್ಥ ಆಯ್ತಾ? ಆಯ್ತು ಮಿಸ್. ಎಲ್ಲರೂ ನೋಟ್ಸಿಗೂ ಬರೆದುಕೊಂಡರು. ಒಬ್ಬರಾದರೂ ತಲೆ ಎತ್ತಲಿ ಅಂತ ನಾನು ಕಾಯುತ್ತಿರುವಾಗ ಬೆಲ್ ಆಯಿತು. ನಾಳೆ ಸರಿಪಡಿಸೋಣ ಅಂದುಕೊಂಡೆ. ಮಾರನೇ ದಿನ ಜ್ವರ ಬಂದು ನಾನು ರಜೆ ಹಾಕಿದೆ. ಅವತ್ತೇ ಶಾಲೆಗೆ ತಪಾಸಣೆಗೆ ಬಂದ ಅಧಿಕಾರಿ ಅದೇ ಒಂಬತ್ತನೇ ತರಗತಿಗೆ ಹೋಗಿ ಕೇಳಿದ್ದು ಏನು ಅಂತ ನೀವು ಊಹಿಸಬಹುದು. ಕ್ಲಾಸಿಗೆ ಕ್ಲಾಸೇ ಒಂದೇ ದನಿಯಲ್ಲಿ ನಂದಿ ಬೆಟ್ಟ ಅಂದಿದೆ.

ಹೆಡ್‌ಮಾಸ್ಟರ್ ರಾಮಕೃಷ್ಣಯ್ಯನವರು ನನ್ನನ್ನು ಕರೆಸಿ ಕೂರಿಸಿದರು. ಕಾಲೇಜಿನಲ್ಲಿ ನಾನು ಚರ್ಚಾಸ್ಪರ್ಧೆಗಳಿಗೆ ಓಡಾಡಿದವಳು ಅಂತ ಗೊತ್ತಾದಾಗಿನಿಂದ ಅವರು ನನ್ನನ್ನು ಲಾಯರಮ್ಮ ಅಂತಲೇ ಕರೆಯುತ್ತಿದ್ದುದು.

“ಏನಮ್ಮ ಲಾಯರಮ್ಮ, ಕಾವೇರಿನ ನಮ್ಮ ಮಗ್ಗುಲಿಗೇ ತಂದ್ಬಿಟ್ಟೆಯಲ್ಲ. ಕುಡಿಯೋ ನೀರಿನ ಸಮಸ್ಯೆ ಮುಗೀತು ಬಿಡು.”

“ಸಾರ್, ಅವರು ಯೋಚನೆ ಮಾಡ್ತಾರಾ ಅಂತ ನೋಡೋಕೆ ಹೇಳಿದ್ದು.”

“ಯೋಚನೆ ಮಾಡಿದಾರಲ್ಲಮ್ಮ. ಟೀಚರು ಸುಳ್ಳು ಹೇಳಲ್ಲ ಅಂತ ಯೋಚನೆ ಮಾಡಿದಾರೆ.”

ನಾನು ಆ ಮಾತನ್ನು ಚಟಾಕಿ ಅಂತ ತೆಗೆದುಕೊಂಡು ನಕ್ಕು ಬಂದೆ.

ಆ ದಿನಗಳಲ್ಲಿ ತರಬೇತಿಗಳಿಗೇನೂ ಬರ ಇರಲಿಲ್ಲ. ಮಕ್ಕಳನ್ನು ಉತ್ಸಾಹದಲ್ಲಿ ಇಡುವುದು ಹೇಗೆ ಅಂತ ಕಲಿಸೋಕೆ ನಮ್ಮನ್ನು ಎರಡೆರಡು ದಿನ ಕೂರಿಸಿ ನಾನಾ ಬಗೆಯ ಚಪ್ಪಾಳೆ ಹೇಳಿಕೊಟ್ಟರು. ಮಳೆ ಚಪ್ಪಾಳೆ, ದೋಸೆ ಚಪ್ಪಾಳೆ, ರೈಲು ಚಪ್ಪಾಳೆ. ಮಕ್ಕಳು ಪಾಠದಲ್ಲಿ ‘ತೊಡಗಿಕೊಂಡಿದ್ದಾರೆ’ ಅನ್ನೋದಕ್ಕೆ ಪುರಾವೆಯಾಗಿ ಫೋಟೋ ಕಳಿಸಬೇಕು. ಒಂದೇ ತಿಂಗಳಲ್ಲಿ ನಮ್ಮ ಮಕ್ಕಳು ಪಾಸಾದರು: ನಾನು ಮೊಬೈಲ್ ಎತ್ತಿದರೆ ಸಾಕು, ಪ್ರಶ್ನೆ ಇಲ್ಲದಿದ್ದರೂ ನಲವತ್ತು ಕೈ ಮೇಲೇಳುತ್ತಿದ್ದವು. ಮೊಬೈಲ್ ಇಳಿಸಿದರೆ ಕೈಗಳೂ ಇಳಿಯುತ್ತಿದ್ದವು. ಇದನ್ನು ನೋಡಿ ನಗದವರು ಮೇಷ್ಟ್ರೇ ಅಲ್ಲ.

ನಾನು ನಗುವುದರ ಜೊತೆಗೆ ಕೋಪವನ್ನೂ ಮಾಡಿಕೊಂಡೆ. ಒಪ್ಪಿಗೆಯ ರಾಗ ಒಡೆಯೋಕೆ ನನಗೆ ಗೊತ್ತಿದ್ದ ಆಯುಧ ಒಂದೇ. ಕಾಲೇಜಿನಲ್ಲಿ ಒಂದೇ ದಿನ, ಒಂದೇ ವಿಷಯಕ್ಕೆ, ಬೆಳಿಗ್ಗೆ ಪರ ಮಾತಾಡಿ ಸಾಯಂಕಾಲ ವಿರೋಧ ಮಾತಾಡಿ ಎರಡೂ ಸಲ ಗೆದ್ದವಳು ನಾನು. ಅದರ ಬಗ್ಗೆ ಬಹಳ ಕಾಲ ಜಂಬ ಇತ್ತು. ಆರನೇ ವರ್ಷ ಆ ಆಟವನ್ನೇ ಒಂಬತ್ತು, ಹತ್ತನೇ ಕ್ಲಾಸಿಗೆ ತಂದೆ. ಪ್ರತಿ ಶುಕ್ರವಾರ ಕೊನೆಯ ಪೀರಿಯಡ್. ಪಾಠದಿಂದ ಒಂದು ವಿಷಯ. ಒಂದು ಡಬ್ಬಿಯಲ್ಲಿ ಚೀಟಿಗಳು. ‘ಪರ’ ಬಂದರೆ ಪರ, ‘ವಿರೋಧ’ ಬಂದರೆ ವಿರೋಧ. ಬದಲಾಯಿಸಿಕೊಳ್ಳೋ ಹಾಗಿಲ್ಲ.

ಮೊದಲ ಶುಕ್ರವಾರ ಚೀಟಿ ಎತ್ತಿದವನು ಇಮ್ರಾನ್. ಮನೆಯಲ್ಲಿ ದಖನಿ ಉರ್ದು ಮಾತಾಡುವ ಹುಡುಗ, ಕ್ಲಾಸಿನಲ್ಲಿ ಕನ್ನಡದಲ್ಲಿ ತಪ್ಪಾದರೆ ನಗ್ತಾರೆ ಅಂತ ಬಾಯಿ ಮುಚ್ಚಿಕೊಂಡಿದ್ದವನು. ಸ್ಟಾಫ್ ರೂಮಿನಲ್ಲಿ ಅವನಿಗೆ ದಡ್ಡ ಅಂತ ಹೆಸರಿಟ್ಟಾಗಿತ್ತು. ನಾನೂ ಬೇಡ ಅಂದಿರಲಿಲ್ಲ. ಚೀಟಿ ಬಿಚ್ಚಿ ನೋಡಿ, ಅಲ್ಲೇ ನಿಂತ.

“ಮಿಸ್, ನನ್ ಮನಸಲ್ಲಿ ಇಲ್ದೇ ಇರೋದನ್ನ ಹೆಂಗೆ ಹೇಳ್ಲಿ?”

“ಅದೇ ಆಟ ಕಣೋ. ಮನಸ್ಸಲ್ಲಿ ಇರೋದನ್ನ ಯಾರು ಬೇಕಾದ್ರೂ ಹೇಳ್ತಾರೆ.”

“ಹಂಗಾದ್ರೆ ಕೇಳೋರ್ಗೆ ಹೆಂಗೆ ಗೊತ್ತಾಗುತ್ತೆ?”

“ಅವರಿಗೆ ಯಾಕೋ ಗೊತ್ತಾಗ್ಬೇಕು. ನೀನು ಗೆಲ್ಲೋದು ನೋಡ್ಕೋ.”

ಅವನು ಗೆಲ್ಲಲಿಲ್ಲ, ಆದರೆ ಮಾತಾಡಿದ. ಮೂರನೇ ಶುಕ್ರವಾರದ ಹೊತ್ತಿಗೆ ಅವನನ್ನು ಕೂರಿಸೋದೇ ಕಷ್ಟವಾಯಿತು. ನಡುವೆ ಕನ್ನಡ ಪದ ಸಿಗದೇ ಹೋದರೆ ದಖನಿಯಲ್ಲೇ ಒಂದು ಎಸೆದು ಮುಂದೆ ಹೋಗುತ್ತಿದ್ದ. ನಗುವವರಿಗೆ ‘ನಗು ಗುರು, ಉತ್ತರ ಕೊಟ್ಮೇಲೆ ನಗು’ ಅನ್ನುತ್ತಿದ್ದ. ಹಾಜರಾತಿ ಏರಿತು. ಶುಕ್ರವಾರ ಯಾರೂ ತಪ್ಪಿಸುತ್ತಿರಲಿಲ್ಲ. ಮಕ್ಕಳು ಪಠ್ಯಪುಸ್ತಕವನ್ನು ಜಗಳಕ್ಕೆ ಕಲ್ಲು ಹುಡುಕುವವರ ಹಾಗೆ ಓದೋಕೆ ಶುರು ಮಾಡಿದರು. ನಾನು ಸಂದೇಹವಾದಿ, ಯಾವ ವಿಧಾನವನ್ನೂ ಸುಲಭಕ್ಕೆ ಒಪ್ಪುವವಳಲ್ಲ. ಆದರೆ ಇದು ಕೆಲಸ ಮಾಡಿತು ಅನ್ನುವುದನ್ನು ಇವತ್ತಿಗೂ ಅಲ್ಲಗಳೆಯಲ್ಲ. ಕೆಲಸ ಮಾಡದೇ ಇದ್ದಿದ್ದರೆ ಈ ಬರಹವೂ ಬೇಕಾಗಿರಲಿಲ್ಲ.

ಅದು ಇಮ್ರಾನ್ ಕ್ಲಾಸಿನ ಭಾಗ್ಯ ಹತ್ತನೇ ತರಗತಿಗೆ ಬಂದ ವರ್ಷ. ಅವಳ ಅಪ್ಪ ವೆಂಕಟೇಶಪ್ಪ ಮನೆಯ ಮುಂಭಾಗದಲ್ಲೇ ಎರಡು ಪವರ್‌ಲೂಮ್ ಇಟ್ಟುಕೊಂಡು ಬೇರೆಯವರ ನೂಲಿಗೆ ಕೂಲಿ ನೇಯುತ್ತಿದ್ದರು. ಅಂಕದ ಪಟ್ಟಿಗೆ ಸಹಿ ಹಾಕೋಕೆ ಬಂದಾಗಲೆಲ್ಲ ಒಂದೇ ಮಾತು: “ಓದಿಸ್ತೀನಿ ಮೇಡಂ. ಪಿಯುಸಿ ಸೈನ್ಸ್‌ಗೇ ಹಾಕ್ತೀನಿ. ಈ ಸದ್ದಲ್ಲಿ ಇವಳು ಇರೋದು ಬೇಡ.” ಸೈನ್ಸ್ ಅಂತ ಹೇಳಿದ್ದು ಭಾಗ್ಯಳೇ ಅಂತ ಆಮೇಲೆ ತಿಳಿಯಿತು. ಅಂಕಗಳೂ ಹಾಗೇ ಇದ್ದವು. ಮಾತು ಮಾತ್ರ ಇರಲಿಲ್ಲ. ಹಾಜರಿ ಕೂಗಿದರೆ ಕೈ ಎತ್ತುತ್ತಿದ್ದಳು, ದನಿ ಇಲ್ಲ.

ಫೆಬ್ರವರಿಯಲ್ಲಿ ಪೋಷಕರ ಸಭೆ. ಹೆಡ್‌ಮಾಸ್ಟರು ಈ ಸಲ ಹಾಡು-ಡ್ಯಾನ್ಸ್ ಬೇಡ, ನಿನ್ನ ಚರ್ಚೆ ಇಡು ಅಂದರು. ವಿಷಯ ನಾನೇ ಕೊಟ್ಟೆ: ‘ಹತ್ತನೇ ತರಗತಿಯ ನಂತರ ಕಾಲೇಜಿಗಿಂತ ಮನೆಯ ಕಸುಬು ಕಲಿಯುವುದೇ ಮೇಲು.’ ಪೋಷಕರಿಗೆ ನಾಟಬೇಕು ಅಂತಲೇ ಆರಿಸಿದ್ದು. ವಿರೋಧದ ಚೀಟಿ ಇಮ್ರಾನ್‌ಗೆ ಬಂತು. ಪರದ ಚೀಟಿ ಭಾಗ್ಯಳಿಗೆ.

ಅವಳನ್ನು ತಯಾರು ಮಾಡಿದ್ದು ನಾನು. ಮೂರು ವಾರ, ಮಧ್ಯಾಹ್ನದ ಊಟ ಆದಮೇಲೆ. ಪುಸ್ತಕದಿಂದ ತಂದಿದ್ದನ್ನೆಲ್ಲ ಹರಿದು ಹಾಕಿಸಿದೆ. ಎದುರಾಳಿಗೆ ಗೊತ್ತಿರೋಕೆ ಸಾಧ್ಯವೇ ಇಲ್ಲದ ಒಂದು ಸಂಗತಿ ನಿಮ್ಮ ಮನೆಯಿಂದ ತಗೊಂಡು ಬಾ ಅಂದೆ. ಚರ್ಚೆಯಲ್ಲಿ ಅದಕ್ಕೆ ಉತ್ತರ ಇರಲ್ಲ. ಎರಡು ದಿನ ಬರಿಗೈಯಲ್ಲಿ ಬಂದಳು. ಮೂರನೇ ದಿನ ತಂದಳು.

ಇನ್ನೊಂದು ಕೆಲಸವೂ ನಾನು ಮಾಡಿದೆ. ನಿರೂಪಣೆ ಮಾಡುವ ಹುಡುಗಿಯ ಕಾಗದದಲ್ಲಿ ಮೊದಲಿಗೇ ಒಂದು ವಾಕ್ಯ ಇತ್ತು: ‘ಯಾರು ಯಾವ ಪಕ್ಷ ಅನ್ನುವುದನ್ನು ಚೀಟಿ ಎತ್ತಿ ನಿರ್ಧರಿಸಲಾಗಿದೆ, ಇದು ಅವರ ಸ್ವಂತ ಅಭಿಪ್ರಾಯವಲ್ಲ.’ ಅದನ್ನು ನಾನೇ ಹೊಡೆದು ಹಾಕಿದೆ. ಹೊತ್ತಾಗಿತ್ತು ಅನ್ನೋದು ನೆಪ. ಆ ವಾಕ್ಯ ಕೇಳಿದರೆ ಮಾತಿನ ಬಿಸಿ ಕಮ್ಮಿಯಾಗುತ್ತೆ ಅಂತ ನನಗೆ ಗೊತ್ತಿತ್ತು. ಚರ್ಚಾಸ್ಪರ್ಧೆಗಳ ಸಭಾಂಗಣದಲ್ಲಿ ಅದನ್ನು ಹೇಳಬೇಕಾಗಿಯೇ ಇಲ್ಲ, ಕೂತವರಿಗೆಲ್ಲ ತಿಳಿದೇ ಇರುತ್ತದೆ. ನಮ್ಮ ಶಾಲೆಯ ಅಂಗಳದಲ್ಲಿ ಶಾಮಿಯಾನದ ಕೆಳಗೆ ಕೂತವರು ಮಗ್ಗ ನಿಲ್ಲಿಸಿ ಬಂದವರು. ಅವರಿಗೆ ಒಬ್ಬರು ಎದ್ದು ನಿಂತು ಹೇಳಿದರೆ, ಮನಸಾರೆ ಹೇಳಿದ್ದು ಅಂತ ಅರ್ಥ. ಇದು ಚರ್ಚಾಪಟುಗಳು ಮಾತ್ರ ಮಾಡಬಲ್ಲ ತಪ್ಪು.

ಇಮ್ರಾನ್ ಮೊದಲು ಮಾತಾಡಿ ಚೆನ್ನಾಗಿ ನಗಿಸಿದ. ಆಮೇಲೆ ಭಾಗ್ಯ ಎದ್ದಳು. ಮೈಕನ್ನು ಎರಡೂ ಕೈಯಲ್ಲಿ ಹಿಡಿದು ಶುರು ಮಾಡಿದಳು.

“ನಮ್ಮಪ್ಪ ಊಟಕ್ಕೆ ಕೂತಿರ್ತಾರೆ. ಆಚೆ ಮಗ್ಗ ಓಡ್ತಿರುತ್ತೆ. ಸಾವಿರಾರು ಎಳೆಯಲ್ಲಿ ಒಂದು ಎಳೆ ಕಡಿಯುತ್ತೆ. ನಮಗ್ಯಾರಿಗೂ ಗೊತ್ತಾಗಲ್ಲ. ಅಪ್ಪ ತುತ್ತು ತಟ್ಟೆಗೆ ಹಾಕಿ ಎದ್ದು ಹೋಗ್ತಾರೆ. ಸದ್ದು ಬದಲಾಯ್ತು ಅಂತಾರೆ. ಆ ಕಿವೀನ ಯಾವ ಕಾಲೇಜಲ್ಲಿ ಕಲಿಸ್ತಾರೆ? ಅಪ್ಪ ಏಳನೇ ಕ್ಲಾಸು. ಸ್ಕೂಲಿನ ಫಾರಂನಲ್ಲಿ ತಂದೆಯ ಉದ್ಯೋಗ ಅಂತ ಇರೋ ಕಡೆ ನಾನು ಇಷ್ಟು ವರ್ಷ ಕೂಲಿ ಅಂತ ಬರೀತಿದ್ದೆ. ಬರೆಯುವಾಗ ಕೈ ಅಡ್ಡ ಇಟ್ಕೊಂಡು ಬರೀತಿದ್ದೆ. ಇನ್ಮೇಲೆ ನೇಕಾರರು ಅಂತ ಬರೀತೀನಿ. ಆ ಕೆಲಸ ಕಲಿಯೋಕೆ ನನಗೆ ನಾಚಿಕೆ ಇಲ್ಲ.”

ವೆಂಕಟೇಶಪ್ಪ ಮೂರನೇ ಸಾಲಿನಲ್ಲಿದ್ದರು. ಹೆಗಲ ಮೇಲಿದ್ದ ಟವೆಲ್ ಮುಖಕ್ಕೆ ಒತ್ತಿಕೊಂಡು ಬಹಳ ಹೊತ್ತು ಹಾಗೇ ಕೂತರು. ಪಕ್ಕದವರು ಬೆನ್ನು ತಟ್ಟುತ್ತಿದ್ದರು. ತೀರ್ಪುಗಾರರು ಬಹುಮಾನ ಯಾರಿಗೆ ಅಂತ ಘೋಷಿಸುವ ಅಗತ್ಯವೇ ಬೀಳಲಿಲ್ಲ. ನನಗೆ ಅವತ್ತಿನ ಹೆಮ್ಮೆ ಹೇಳಿದರೆ ತೀರದು. ನಾನು ಗೆದ್ದ ಯಾವ ಚರ್ಚೆಯೂ ಇದರ ಮುಂದೆ ಏನೂ ಅಲ್ಲ ಅನ್ನಿಸಿತು. ಗಮನಿಸಿ, ನಾನು ಅಂದುಕೊಂಡಿದ್ದು ‘ಗೆದ್ದ’ ಅಂತಲೇ.

ಜೂನ್ ಕೊನೆಗೆ ಇಮ್ರಾನ್ ಶಾಲೆಗೆ ಟಿ.ಸಿ. ತಗೊಳ್ಳೋಕೆ ಬಂದ. ಪಿಯುಸಿ ಕಾಮರ್ಸ್ ಸೇರಿದ್ದ.

“ಸೋತಿದ್ದಕ್ಕೆ ಬೇಜಾರಿಲ್ಲ ಮಿಸ್,” ಅಂದ. “ಆದ್ರೆ ನಾನು ಕಾಲೇಜ್ ಬೇಕು ಅಂದವನು ಕಾಲೇಜಲ್ಲಿದೀನಿ, ಅವಳು ಬೇಡ ಅಂದವಳು ನಿಜವಾಗ್ಲೂ ಸೇರಿಲ್ಲ.”

“ಯಾರು?”

“ಭಾಗ್ಯ ಮಿಸ್. ಮಗ್ಗದ ಮುಂದೆ ನಿಂತವ್ಳೆ. ಹತ್ತನೇ ಕ್ಲಾಸಲ್ಲಿ ನನಗಿಂತ ಎಷ್ಟೋ ಜಾಸ್ತಿ ಬಂದೈತೆ ಅವ್ಳಿಗೆ. ನಾನು ಮೊದ್ಲೇ ಕೇಳಿರ್ಲಿಲ್ವಾ, ಕೇಳೋರ್ಗೆ ಹೆಂಗೆ ಗೊತ್ತಾಗುತ್ತೆ ಅಂತ.”

ಹೆಡ್‌ಮಾಸ್ಟರ ಹತ್ತಿರ ಓಡಿದೆ. ನೀವೂ ಬನ್ನಿ ಸಾರ್, ಮನೆಗೆ ಹೋಗಿ ಮಾತಾಡೋಣ ಅಂದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ನಾನು ಬಂದ್ರೆ ಆತ ಹೆದರಿ ಸೇರಿಸ್ತಾನೆ ಕಣಮ್ಮ. ಹೆದರಿ ಸೇರಿಸೋದು ಬೇಕಾ? ಮಾತು ಕಲಿಸಿದೋಳು ನೀನು. ನೀನೇ ಹೋಗು.”

ಹೋದೆ. ವೆಂಕಟೇಶಪ್ಪ ನನ್ನನ್ನು ನೋಡಿದ ಕೂಡಲೇ ಎರಡೂ ಮಗ್ಗ ನಿಲ್ಲಿಸಿದರು. ನೇಯುವವರ ಮನೆಯಲ್ಲಿ ಬಂದವರಿಗೆ ಅದಕ್ಕಿಂತ ದೊಡ್ಡ ಮರ್ಯಾದೆ ಇಲ್ಲ.

“ಬನ್ನಿ ಮೇಡಂ, ಕೂತ್ಕೊಳಿ. ಲೇ ಭಾಗ್ಯಾ, ಯಾರ್ ಬಂದವ್ರೆ ನೋಡು. ಕಾಫಿ ಇಡು.”

“ಭಾಗ್ಯನ್ನ ಕಾಲೇಜಿಗೆ ಸೇರಿಸಿಲ್ವಂತೆ?”

“ಇಲ್ಲ ಮೇಡಂ. ನಾನು ಸೇರಿಸ್ಬೇಕು ಅಂತಾನೇ ಇದ್ದೆ. ಅವಳೇ ಹೇಳಿದ್ಲಲ್ಲ, ನಿಮ್ಮ ಮುಂದೇನೇ, ನೂರಾರು ಜನರ ಮುಂದೆ. ಇಷ್ಟಪಟ್ಟು ಬಂದವ್ಳನ್ನ ಯಾಕೆ ಬಲವಂತ ಮಾಡ್ಲಿ?”

ನಾನು ಬಿಡಿಸಿ ಹೇಳಿದೆ. ಅದು ಚರ್ಚೆ ವೆಂಕಟೇಶಪ್ಪನವ್ರೇ, ಯಾರು ಯಾವ ಕಡೆ ಅಂತ ಚೀಟಿ ಎತ್ತಿ ಹಂಚೋದು, ಅವಳಿಗೆ ಆ ಚೀಟಿ ಬಂತು ಅಷ್ಟೆ. ಇನ್ನೊಂದು ಬಂದಿದ್ದರೆ ಓದಲೇಬೇಕು ಅಂತ ಇಷ್ಟೇ ಚೆನ್ನಾಗಿ ಮಾತಾಡ್ತಿದ್ಲು. ನನ್ನ ದನಿ ಸ್ಪಷ್ಟವಾಗಿತ್ತು, ವಾದದಲ್ಲಿ ಎಲ್ಲೂ ಬಿರುಕಿರಲಿಲ್ಲ. ಅವರು ಪೂರ್ತಿ ಕೇಳಿಸಿಕೊಂಡರು. ಕೈಯಲ್ಲಿದ್ದ ಲಾಳಿಯ ಕಂಡಿಕೆಯ ನೂಲನ್ನು ಬೆರಳಿಗೆ ಸುತ್ತಿ, ಬಿಚ್ಚಿ, ಮತ್ತೆ ಸುತ್ತಿದರು.

“ಅಂದ್ರೆ ನನ್ನ ಕಿವಿ ವಿಚಾರ ಹೇಳಿದ್ದು?”

“ಅದು ನಿಜಾನೇ.”

“ಫಾರಂ ವಿಚಾರ? ಕೂಲಿ ಅಂತ ಬರೀತಿದ್ದೆ, ಇನ್ಮೇಲೆ ಬರೆಯಲ್ಲ ಅಂದಿದ್ದು? ಅದೂ ಚೀಟೀಲಿ ಇತ್ತಾ ಮೇಡಂ?”

ಎದುರಾಳಿಗೆ ಉತ್ತರ ಸಿಗಬಾರದು ಅಂತ ನಾನೇ ಅವಳ ಕೈಯಲ್ಲಿ ಹುಡುಕಿಸಿದ್ದ ಸಂಗತಿ ಅದು.

ಒಳಗಿಂದ ಭಾಗ್ಯ ಕಾಫಿ ಲೋಟ ಹಿಡಿದು ಬಂದು ಬಾಗಿಲಲ್ಲೇ ನಿಂತಿದ್ದಳು.

“ಚೀಟೀಲಿ ಇರ್ಲಿಲ್ಲಪ್ಪ. ನಾನೇ ಹೇಳಿದ್ದು.”

“ಮತ್ತೆ ಮಗ್ಗ ಕಲೀತೀನಿ ಅಂದಿದ್ದು?”

“ಅದೂ ನಾನೇ.”

ವೆಂಕಟೇಶಪ್ಪ ನನ್ನ ಕಡೆ ತಿರುಗಿದರು. ಮುಖದಲ್ಲಿ ಗೆದ್ದ ಗತ್ತು ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು. ಅವರು ನನ್ನನ್ನು ಸಮಾಧಾನ ಮಾಡುವವರ ಹಾಗೆ, “ಕಾಫಿ ತಗೊಳಿ ಮೇಡಂ, ಆರೋಗುತ್ತೆ” ಅಂದರು.

ಭಾಗ್ಯ ರಸ್ತೆ ತಿರುವಿನವರೆಗೆ ನನ್ನ ಜೊತೆ ಬಂದಳು. ಸುತ್ತ ಎಲ್ಲ ಮನೆಗಳಿಂದ ಮಗ್ಗದ ಸದ್ದು. ಅಲ್ಲಿ ಗುಟ್ಟು ಮಾತಾಡಬೇಕಾದರೂ ಕೂಗಿಯೇ ಮಾತಾಡಬೇಕು.

“ಯಾಕೆ ಹಂಗಂದೆ? ಸೈನ್ಸ್ ತಗೋಬೇಕು ಅಂತಿದ್ದೋಳು ನೀನು.”

“ನಾನು ಹೋಗ್ತೀನಿ ಅಂದ್ರೆ ಅಪ್ಪ ಬೇಡ ಅನ್ನಲ್ಲ ಮಿಸ್. ನಾಳೆನೇ ಸೇರಿಸ್ತಾರೆ. ಆಮೇಲೆ ಅವತ್ತು ನಾನು ಹೇಳಿದ್ದೆಲ್ಲ ನಾಟಕ ಅನ್ಕೊಂಡು ಆ ಮಗ್ಗದ ಮುಂದೆ ನಿಂತ್ಕೋತಾರೆ. ದಿನಾ. ಅದನ್ನ ನೋಡ್ಕೊಂಡು ನಾನು ಬಸ್ಸು ಹತ್ಬೇಕು.”

“ಅವರಿಗೆ ಅರ್ಥ ಆಗೋ ಹಾಗೆ ಹೇಳೋಣ. ಎರಡೂ ನಿಜ ಆಗಿರಬಹುದು. ಗೌರವನೂ ನಿಜ, ಓದೋ ಆಸೆನೂ ನಿಜ.”

“ನೀವು ಚೆನ್ನಾಗಿ ಹೇಳ್ತೀರ ಮಿಸ್,” ಅಂದಳು. ಹೊಗಳಿಕೆಯಾಗಿ ಅಂದಳೋ ಏನೋ.

ಮುಂದಿನ ವರ್ಷ ನಾನು ಚರ್ಚೆ ಮಾಡಿಸಲಿಲ್ಲ. ಶುಕ್ರವಾರ ಮಕ್ಕಳು ಡಬ್ಬಿ ಎಲ್ಲಿ ಮಿಸ್ ಅಂತ ಕೇಳಿದರು, ಏನೋ ಒಂದು ಹೇಳಿ ಪಾಠ ಮಾಡಿದೆ. ಕ್ಲಾಸು ನಿಧಾನವಾಗಿ ಹಳೆಯ ರಾಗಕ್ಕೆ ವಾಪಸಾಯಿತು. ‘ಆಯ್ತು ಮಿಸ್.’ ಅದೂ ತಪ್ಪೇ ಅಂತ ನನಗೆ ಗೊತ್ತು. ಒಬ್ಬ ಹುಡುಗಿಗೆ ಮಾಡಿದ ಅನ್ಯಾಯಕ್ಕೆ ನಲವತ್ತು ಜನರ ಬಾಯಿ ಕಟ್ಟಿದೆ. ಏಪ್ರಿಲ್‌ನಲ್ಲಿ ಅವಧಿ ಮುಗಿದಾಗ ಮತ್ತೆ ಅರ್ಜಿ ಹಾಕಲಿಲ್ಲ. ಹೆಡ್‌ಮಾಸ್ಟರು ಕಾರಣ ಕೇಳಲಿಲ್ಲ. “ಹೋಗ್ತಾ ಇರಮ್ಮ, ಬರ್ತಾ ಇರು” ಅಂದರು.

ಹೊಸಬರಿಗೆ ನಾನು ಚರ್ಚೆ ಮಾಡಿಸಬೇಡಿ ಅನ್ನುತ್ತಿಲ್ಲ. ಮಾಡಿಸಿ. ಮಕ್ಕಳು ಅರಳುತ್ತಾರೆ, ಅದನ್ನು ನನ್ನ ಕಣ್ಣಾರೆ ಕಂಡಿದ್ದೇನೆ. ಆದರೆ ಮಗು ಮಾತಾಡಿತು ಅನ್ನುವುದೂ, ಮಗು ತನ್ನ ಮಾತು ಆಡಿತು ಅನ್ನುವುದೂ ಬೇರೆ ಬೇರೆ. ಫೋಟೋದಲ್ಲಿ ಎರಡೂ ಒಂದೇ ಥರ ಕಾಣುತ್ತವೆ. ನಾನು ಅಂಕ ಕೊಟ್ಟಿದ್ದು ಮೊದಲನೆಯದಕ್ಕೇ.

ಈ ವರ್ಷ ಮತ್ತೆ ಆ ಮನೆಗೆ ಹೋಗಿದ್ದೆ. ಕಾಲೇಜಿಗೆ ಹೋಗದೆ ಖಾಸಗಿಯಾಗಿ ಪಿಯುಸಿ ಪರೀಕ್ಷೆ ಕಟ್ಟಬಹುದು, ಮಗ್ಗವನ್ನೂ ಬಿಡಬೇಕಾಗಿಲ್ಲ ಅಂತ ಹೇಳೋಕೆ. ಸೈನ್ಸ್ ಆಗಲ್ಲ, ಆರ್ಟ್ಸ್ ಆಗುತ್ತೆ. ವೆಂಕಟೇಶಪ್ಪ ಊರೊಳಗೆ ನೂಲು ತರೋಕೆ ಹೋಗಿದ್ದರು. ಭಾಗ್ಯ ಒಬ್ಬಳೇ ಎರಡೂ ಮಗ್ಗ ನೋಡಿಕೊಳ್ಳುತ್ತಿದ್ದಳು. ಮೈ ಸ್ವಲ್ಪ ಇಳಿದಿತ್ತು, ಕೈ ಮಾತ್ರ ಅವಳ ಅಪ್ಪನ ಹಾಗೆ ಓಡುತ್ತಿತ್ತು. ನಾನು ಹೇಳಿದ್ದನ್ನು ಕೆಲಸ ನಿಲ್ಲಿಸದೆ ಕೇಳಿದಳು. ಆಮೇಲೆ ಸದ್ದಿನ ಮೇಲೆ ದನಿ ಎತ್ತಿ ಉತ್ತರ ಕೊಟ್ಟಳು.

ಪರೀಕ್ಷೆ ಕಟ್ಟುವುದಕ್ಕೆ ಪರವಾಗಿ ಮೂರು ಕಾರಣ ಹೇಳಿದಳು. ಮೂರೂ ಗಟ್ಟಿ, ಒಂದಕ್ಕಿಂತ ಇನ್ನೊಂದು. ಒಂದು ಕ್ಷಣ ನನ್ನ ಎದೆ ಹಗುರಾಯಿತು. ಆಮೇಲೆ ಅದೇ ದನಿಯಲ್ಲಿ, ಉಸಿರು ಕೂಡ ಬದಲಾಗದೆ, ಕಟ್ಟದೆ ಇರುವುದಕ್ಕೆ ಮೂರು ಕಾರಣ ಹೇಳಿದಳು. ಅವೂ ಅಷ್ಟೇ ಗಟ್ಟಿ. ಬೆರಳು ಮಡಚಿ ಎಣಿಸುವುದು, ಕೊನೆಯ ಅಂಶಕ್ಕೆ ಮೊದಲು ಅರೆಗಳಿಗೆ ನಿಲ್ಲುವುದು, ಎಲ್ಲ ನಾನು ಕಲಿಸಿಕೊಟ್ಟ ಹಾಗೆಯೇ ಇತ್ತು. ತೀರ್ಪುಗಾರ್ತಿಯಾಗಿದ್ದರೆ ಪೂರ್ಣ ಅಂಕ ಕೊಡುತ್ತಿದ್ದೆ.

ಅಷ್ಟರಲ್ಲಿ ಎಲ್ಲೋ ಒಂದು ಎಳೆ ಕಡಿಯಿತು. ನನಗೆ ಏನೂ ಕೇಳಿಸಲಿಲ್ಲ, ಅವಳಿಗೆ ಕೇಳಿಸಿತು. ಆ ಮಗ್ಗ ನಿಲ್ಲಿಸಿದಳು. ಪಕ್ಕದ್ದನ್ನೂ ನಿಲ್ಲಿಸಿದಳು. ಬಗ್ಗಿ ಎಳೆ ಹುಡುಕುತ್ತಿದ್ದಳು. ಮನೆಯಲ್ಲಿ ಬೇರೆ ಸದ್ದೇ ಇರಲಿಲ್ಲ, ಆದ್ದರಿಂದ ನಾನು ಕೇಳಿದ್ದು ಅವಳಿಗೆ ಕೇಳಿಸಲಿಲ್ಲ ಅನ್ನುವ ಹಾಗಿಲ್ಲ. “ಪರ ಕೇಳಿದೆ, ವಿರೋಧ ಕೇಳಿದೆ. ಎರಡನ್ನೂ ಪಕ್ಕಕ್ಕಿಡು. ನಿನಗೇನು ಬೇಕು ಭಾಗ್ಯಾ?”